ಕುಡುಕರ ಕೈ ಹಿಡಿದ ಕುಡುಕ: ಬಿಲ್ ವಿಲ್ಸನ್

ರಾಯದುರ್ಗ, ಮಡಕಶಿರಾ ಕಡೆಯ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ,

ಬಾಬಾಸಾಹೇಬರ ಜೀವನ, ಫುಲೆ ದಂಪತಿಗಳ ಜೀವನ ನೀವು ಓದಿದ್ದೀರಿ. ಈ ಸಲ ಅಮೆರಿಕದ ಒಬ್ಬ ಕುಡುಕರ ಜೀವನ ಹೇಳ್ತೀನಿ. ಯಾಕೆ ಅಂದ್ರೆ, ಕೂಲಿ ಬಟವಾಡೆ ಆದ ಸಂಜೆ ಬೆಲ್ಟ್ ಶಾಪಿನ ಮುಂದೆ ಯಾರ್ಯಾರು ನಿಂತಿರ್ತಾರೆ, ಮನೆಯಲ್ಲಿ ಯಾರು ಕಾಯ್ತಾ ಕೂತಿರ್ತಾರೆ ಅನ್ನೋದು ನಿಮಗೂ ಗೊತ್ತು, ನನಗೂ ಗೊತ್ತು.

ಬಿಲ್ ವಿಲ್ಸನ್ ಹುಟ್ಟಿದ್ದು 1895ರ ನವೆಂಬರ್ 26ರಂದು, ವರ್ಮಾಂಟ್ ರಾಜ್ಯದ ಈಸ್ಟ್ ಡಾರ್ಸೆಟ್ ಎಂಬ ಸಣ್ಣ ಊರಲ್ಲಿ. ಅಪ್ಪ ಅಮ್ಮ ಬೇರೆಯಾದರು. ತಾಯಿಯ ಅಪ್ಪ ಅಮ್ಮನೇ ಸಾಕಿದರು. ಮೊದಲ ಮಹಾಯುದ್ಧದ ಕಾಲಕ್ಕೆ ಸೈನ್ಯ ಸೇರಿದಾಗ ಒಂದು ಪಾರ್ಟಿಯಲ್ಲಿ ಮೊದಲ ಗ್ಲಾಸು ಕುಡಿದರು. ನಾಚಿಕೆ ಸ್ವಭಾವದ ಹುಡುಗನಿಗೆ ಒಮ್ಮೆಲೇ ಧೈರ್ಯ ಬಂದಂಗಾಯ್ತು. ನಮ್ಮಲ್ಲೂ ಮದುವೆ, ಜಾತ್ರೆಯಲ್ಲಿ ಎಷ್ಟೋ ಹುಡುಗರು ಶುರು ಮಾಡೋದು ಹೀಗೇ ಅಲ್ವಾ?

ಯುದ್ಧ ಮುಗಿದ ಮೇಲೆ ನ್ಯೂಯಾರ್ಕಿನಲ್ಲಿ ಷೇರು ವ್ಯವಹಾರ ಮಾಡಿ ದುಡ್ಡು ಕಂಡರು. ದುಡ್ಡಿನ ಜೊತೆ ಕುಡಿತವೂ ಬೆಳೀತು. 1929ರಲ್ಲಿ ಷೇರುಪೇಟೆ ಬಿದ್ದಾಗ ದುಡ್ಡು ಹೋಯ್ತು, ಕುಡಿತ ಉಳೀತು. ಹೆಂಡತಿ ಲೋಯಿಸ್ ಅಂಗಡಿಯಲ್ಲಿ ಕೆಲಸ ಮಾಡಿ ಮನೆ ನಡೆಸಿದರು. ಇನ್ನು ಮುಟ್ಟಲ್ಲ ಅಂತ ಬಿಲ್ ಮನೆಯ ಬೈಬಲ್‌ನಲ್ಲೇ ಬರೆದು ಮಾತು ಕೊಟ್ಟರು, ಒಂದು ಸಲ ಅಲ್ಲ, ಹಲವು ಸಲ. ಒಂದೂ ನಿಲ್ಲಲಿಲ್ಲ. ದೇವರ ಮುಂದೆ ಆಣೆ ಇಟ್ಟು ಮತ್ತೆ ಕುಡಿದವರು ನಮ್ಮ ಕೇರಿಯಲ್ಲೂ ಇದ್ದಾರೆ. ಅವರೆಲ್ಲ ಸುಳ್ಳುಗಾರರಲ್ಲ. ಆಸ್ಪತ್ರೆಯಲ್ಲಿ ಡಾಕ್ಟರ್ ಸಿಲ್ಕ್‌ವರ್ತ್ ಬಿಲ್‌ಗೆ ತಿಳಿಸಿದ್ದೂ ಇದನ್ನೇ: ಇದು ಕೆಟ್ಟ ಬುದ್ಧಿಯಲ್ಲ, ಕಾಯಿಲೆ.

1934ರ ನವೆಂಬರಿನಲ್ಲಿ ಎಬಿ ಎಂಬ ಹಳೇ ಕುಡಿತದ ಗೆಳೆಯ ಮನೆಗೆ ಬಂದ. ಅವನು ಕುಡಿಯದೇ ಬಂದಿದ್ದ. ಡಾಕ್ಟರು, ಹೆಂಡತಿ ಹೇಳಿದ್ದು ತಲೆಗೆ ಹೋಗದಿದ್ದರೂ ತನ್ನಂಥವನೇ ಬಿಟ್ಟಿದ್ದು ಎದೆಗೆ ತಾಕಿತು. ಡಿಸೆಂಬರಿನಲ್ಲಿ ಬಿಲ್ ಕಡೇ ಸಲ ಆಸ್ಪತ್ರೆ ಸೇರಿದರು. ಆಮೇಲೆ ಕುಡಿಯಲಿಲ್ಲ.

ಮುಖ್ಯ ವಿಷಯ ಇನ್ನು ಮುಂದೆ ಇದೆ. 1935ರ ಮೇ ತಿಂಗಳಲ್ಲಿ ಕೆಲಸದ ಮೇಲೆ ಆಕ್ರನ್ ಎಂಬ ಊರಿಗೆ ಹೋದರು. ಕೆಲಸ ಕೆಟ್ಟಿತು, ಕೈಯಲ್ಲಿ ದುಡ್ಡಿಲ್ಲ, ಹೋಟೆಲಿನ ಒಂದು ತುದಿಯಲ್ಲಿ ಬಾರು ಕರೀತಿತ್ತು. ಬಿಲ್ ಇನ್ನೊಂದು ತುದಿಯ ಫೋನಿನ ಹತ್ತಿರ ಹೋದರು. ಮಾತಾಡೋಕೆ ಒಬ್ಬ ಕುಡುಕ ಬೇಕು ಅಂತ ಚರ್ಚಿನವರಿಗೆ ಫೋನ್ ಮಾಡಿದರು! ಹಾಗೆ ಸಿಕ್ಕವರು ಬಾಬ್ ಸ್ಮಿತ್, ಆಪರೇಷನ್ ಮಾಡುವ ಡಾಕ್ಟರು, ಕುಡಿತದಿಂದ ಕೈ ನಡುಗುತ್ತಿದ್ದವರು. ಹದಿನೈದೇ ನಿಮಿಷ ಅಂತ ಕೂತವರು ಗಂಟೆಗಟ್ಟಲೆ ಮಾತಾಡಿದರು. ಬಿಲ್ ಬುದ್ಧಿ ಹೇಳಲಿಲ್ಲ, ತಮ್ಮ ಕಥೆ ಹೇಳಿಕೊಂಡರು. ಬಾಬ್ ಕುಡಿತ ಬಿಟ್ಟ ಜೂನ್ 10, ‘ಆಲ್ಕೋಹಾಲಿಕ್ಸ್ ಅನಾನಿಮಸ್’ ಅಂದ್ರೆ ಎ.ಎ. ಹುಟ್ಟಿದ ದಿನ ಆಯ್ತು. ಮುಂದೆ ಮನೆಯವರಿಗಾಗಿ ಲೋಯಿಸ್ ಮತ್ತು ಗೆಳತಿ 1951ರಲ್ಲಿ ಅಲ್-ಅನಾನ್ ಕಟ್ಟಿದರು.

ಅಲ್ಲೂ ಕೇರಿ ಇತ್ತು ಅನ್ನೋದನ್ನು ಮುಚ್ಚಿಡಬಾರದು. ಆ ಕಾಲದ ಎಷ್ಟೋ ಬಿಳಿಯರ ಗುಂಪುಗಳು ಕಪ್ಪು ಜನರನ್ನು ಸೇರಿಸಲಿಲ್ಲ. 1945ರಲ್ಲಿ ವಾಷಿಂಗ್ಟನ್‌ನಲ್ಲಿ ಜಿಮ್ ಎಂಬ ಕಪ್ಪು ವೈದ್ಯರು ತಮ್ಮವರ ಗುಂಪು ತಾವೇ ಕಟ್ಟಿದರು. ಕುಡಿತ ಬಿಡಬೇಕೆಂಬ ಆಸೆ ಒಂದೇ ಸದಸ್ಯತ್ವ ಅನ್ನುವ ನಿಯಮವನ್ನು 1950ರಲ್ಲಿ ಎಲ್ಲರೂ ಒಪ್ಪಿದರು. ಹೆಸರು ಬೇಡವೆಂದ ಬಿಲ್, ಯೇಲ್ ವಿಶ್ವವಿದ್ಯಾಲಯ ಕೊಡಬಂದ ಗೌರವ ಪದವಿಯನ್ನೂ ತೆಗೆದುಕೊಳ್ಳಲಿಲ್ಲ. ಸಿಗರೇಟು ಮಾತ್ರ ಅವರ ಶ್ವಾಸಕೋಶ ತಿಂದಿತು. 1971ರ ಜನವರಿ 24ರಂದು ತೀರಿಕೊಂಡರು. ಅವರು ಕಟ್ಟಿದ ಸಭೆ 1957ರಲ್ಲೇ ಭಾರತಕ್ಕೂ ಬಂದಿತ್ತು.

ಆ ಸಭೆಗೆ ಹೋಗೋಕೆ ಹೆದರಬೇಡಿ. ಫೀಜಿಲ್ಲ, ಜಾತಿ ಕೇಳಲ್ಲ, ಪೂರ್ತಿ ಹೆಸರೂ ಬೇಡ. ಅಲ್ಲಿ ಆಡಿದ ಮಾತು ಹೊರಗೆ ಆಡಬಾರದು. ಮೊದಲ ದಿನ ಸುಮ್ಮನೆ ಕೂತು ಕೇಳಿದರೂ ಸಾಕು. ದೇವರ ಮಾತು ಬರುತ್ತೆ, ಆದರೆ ನಂಬದವರೂ ಬರ್ತಾರೆ. ಜೀವನಪೂರ್ತಿ ಬಿಡ್ತೀನಿ ಅಂತ ಆಣೆ ಇಲ್ಲ, ಇವತ್ತೊಂದು ದಿನ ಕುಡಿಯದಿದ್ದರೆ ಆಯ್ತು.

ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗುವಷ್ಟು ಕುಡಿಯುವವರು ದಿಢೀರ್ ಬಿಡಬಾರದು, ಫಿಟ್ಸ್ ಬಂದು ಜೀವಕ್ಕೇ ಅಪಾಯ ಆಗಬಹುದು. ಮೊದಲು ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋಗಿ. 14446ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ ಸಲಹೆ ಸಿಗುತ್ತೆ. ಹತ್ತಿರದ ಸಭೆ ಎಲ್ಲಿದೆ, ಕನ್ನಡದ್ದೋ ತೆಲುಗಿನದ್ದೋ ಅಂತ ಚಿಕಿತ್ಸೆ ಕೊಡುವ ಡಾಕ್ಟರನ್ನೇ ಕೇಳಿ. ಬೆಂಗಳೂರಿಗೆ ಕೂಲಿಗೆ ಹೋದವರಿಗೆ ಅಲ್ಲಿ ನಿಮ್ಹಾನ್ಸ್ ಇದೆ, ಕನ್ನಡದ ಎ.ಎ. ಸಭೆಗಳೂ ಇವೆ. ಗಡಿಯಾಚೆ ಕರ್ನಾಟಕದಲ್ಲಿ ಮದ್ಯವರ್ಜನ ಶಿಬಿರ ಮುಗಿಸಿದವರು ನವಜೀವನ ಸಮಿತಿ ಅಂತ ಸೇರಿ ಹೀಗೇ ಒಬ್ಬರಿಗೊಬ್ಬರು ಆಸರೆ ಆಗ್ತಾರೆ.

1956ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಮದ್ಯ ಮುಟ್ಟಬಾರದು ಅನ್ನೋದೂ ಒಂದು. ಅದನ್ನು ಒಬ್ಬನೇ ಪಾಲಿಸೋದು ಕಷ್ಟ. ಹತ್ತಿರ ಸಭೆ ಇಲ್ಲದಿದ್ದರೆ ಬಿಡಬೇಕು ಅನ್ನೋ ಇಬ್ಬರು ಕೂತರೂ ಅದೇ ಸಭೆ. ಆಕ್ರನ್‌ನಲ್ಲೂ ಇದ್ದದ್ದು ಇಬ್ಬರೇ. ಆದ್ದರಿಂದ ಕುಡ್ಕ ಅಂತ ನಗೋದು ಬಿಟ್ಟು, ಅವನ ಜೊತೆ ಮೊದಲ ದಿನ ಬಾಗಿಲವರೆಗೆ ನೀವೂ ನಡೀರಿ.

ಜೈಭೀಮ್.