ರಂಗನತಿಟ್ಟು ಮತ್ತು ಡಿಗ್ರಿ ಇಲ್ಲದ ಸಲೀಂ ಅಲಿ

ಕಳೆದ ಜನವರಿಯ ಒಂದು ಭಾನುವಾರ ನಾವು ನಾಲ್ಕು ಜನ ಕೆಂಗೇರಿಯಲ್ಲಿ ಬೆಳಗಿನ ಟ್ರೈನ್ ಹತ್ತಿ ಶ್ರೀರಂಗಪಟ್ಟಣಕ್ಕೆ ಹೋದ್ವಿ. ಪ್ಲಾನ್ ಸಿಂಪಲ್: ರಂಗನತಿಟ್ಟಿನಲ್ಲಿ ಹಕ್ಕಿ ಫೋಟೋ, ಮಧ್ಯಾಹ್ನ ಬಲಮುರಿ ಫಾಲ್ಸ್, ರಾತ್ರಿಯೊಳಗೆ ವಾಪಸ್. ಹೆಜ್ಜಾರ್ಲೆ, ನೀರುಕಾಗೆ, ಬಣ್ಣದ ಕೊಕ್ಕರೆ ಅಂತ ನಾನೊಬ್ಬನೇ ಮುನ್ನೂರು ಫೋಟೋ ಹೊಡೆದೆ. ಬೋಟ್ ನಡೆಸ್ತಿದ್ದವರು ಸಲೀಂ ಅಲಿ ಹೆಸರು ಹೇಳಿದ್ರು. ನನಗೆ ಗೊತ್ತಿದ್ದದ್ದು ಆ ಹೆಸರು ಮಾತ್ರ. ಮನೆಗೆ ಬಂದು ಓದಿದೆ.

ಅವರು ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬೈಯಲ್ಲಿ. ಒಂದು ವರ್ಷಕ್ಕೆ ತಂದೆ, ಮೂರು ವರ್ಷಕ್ಕೆ ತಾಯಿ ತೀರಿಕೊಂಡರು. ಸಾಕಿದ್ದು ಸೋದರಮಾವ. ಹುಡುಗನಾಗಿದ್ದಾಗ ಏರ್‌ಗನ್‌ನಿಂದ ಒಂದು ಗುಬ್ಬಿ ಹೊಡೆದರು. ಅದರ ಕತ್ತಿನಲ್ಲಿ ಹಳದಿ ಮಚ್ಚೆ ಇತ್ತು. ಇದ್ಯಾವ ಹಕ್ಕಿ ಅಂತ ಕೇಳೋಕೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದರು. ಅಲ್ಲಿನ ಕಾರ್ಯದರ್ಶಿ ಮಿಲಾರ್ಡ್ ಹೆಸರು ಹೇಳಿ ಕಳಿಸಿಬಿಡಲಿಲ್ಲ, ಸೊಸೈಟಿಯಲ್ಲಿದ್ದ ಹಕ್ಕಿಗಳ ಸಂಗ್ರಹವನ್ನೆಲ್ಲ ತೋರಿಸಿದರು. ಹುಚ್ಚು ಹತ್ತಿದ್ದು ಅಲ್ಲೇ.

ಆದರೆ ಆಮೇಲಿನ ದಾರಿ ಸಲೀಸಾಗಿರಲಿಲ್ಲ. ಕಾಲೇಜು ಅರ್ಧಕ್ಕೆ ಬಿಟ್ಟು ಮನೆಯವರ ವ್ಯವಹಾರ ನೋಡೋಕೆ ಬರ್ಮಾಕ್ಕೆ ಹೋದರು. ಡಿಗ್ರಿ ಆಗಲೇ ಇಲ್ಲ. 1926ರಲ್ಲಿ ಮುಂಬೈನ ಮ್ಯೂಸಿಯಂನಲ್ಲಿ ಕೆಲಸ ಸಿಕ್ಕಿತು. ರಜೆ ಹಾಕಿ ಬರ್ಲಿನ್‌ಗೆ ಹೋಗಿ ಪಕ್ಷಿವಿಜ್ಞಾನಿ ಸ್ಟ್ರೆಸ್‌ಮನ್ ಹತ್ತಿರ ಕಲಿತರು. 1930ರಲ್ಲಿ ವಾಪಸ್ ಬಂದು ನೋಡಿದರೆ, ದುಡ್ಡಿಲ್ಲ ಅಂತ ಆ ಹುದ್ದೆಯನ್ನೇ ತೆಗೆದುಹಾಕಿದ್ದರು.

ಹೆಂಡತಿ ತೆಹ್ಮಿನಾ ಜೊತೆ ಕಿಹಿಮ್ ಅನ್ನೋ ಕಡಲತೀರದ ಹಳ್ಳಿಗೆ ಹೋಗಿ, ಅಲ್ಲಿ ದಿನಗಟ್ಟಲೆ ಕೂತು ಗೀಜಗಗಳನ್ನು ನೋಡಿದರು. ಗಂಡು ಗೂಡನ್ನು ಅರ್ಧ ಕಟ್ಟಿ ನಿಲ್ಲಿಸುತ್ತೆ, ಹೆಣ್ಣು ಬಂದು ನೋಡಿ ಒಪ್ಪಿದ ಮೇಲೇ ಪೂರ್ತಿ ಮಾಡುತ್ತೆ ಅಂತ ಬರೆದರು. ಆಮೇಲೆ ಸಂಸ್ಥಾನಗಳಿಗೆ ಒಂದು ಆಫರ್ ಕೊಟ್ಟರು: ಖರ್ಚು ನೋಡಿಕೊಂಡರೆ ಸಾಕು, ಸಂಬಳ ಬೇಡ, ನಿಮ್ಮ ಹಕ್ಕಿಗಳ ಸಮೀಕ್ಷೆ ಮಾಡಿಕೊಡ್ತೀನಿ. ಹೈದರಾಬಾದ್, ತಿರುವಾಂಕೂರು ಹೀಗೇ ಆಯ್ತು. ಕ್ಯಾಂಪ್‌ಗಳಲ್ಲಿ ತೆಹ್ಮಿನಾ ಜೊತೆಗಿರುತ್ತಿದ್ದರು. 1939ರಲ್ಲಿ ಒಂದು ಸಣ್ಣ ಆಪರೇಷನ್ ಆದಮೇಲೆ ಅವರು ತೀರಿಕೊಂಡರು.

ಮೈಸೂರು ಸಂಸ್ಥಾನದ ಸಮೀಕ್ಷೆ ನಡೆದಿದ್ದು 1939-40ರಲ್ಲಿ, ಅಂದರೆ ಆ ದುಃಖದ ದಿನಗಳಲ್ಲೇ. ಕಾವೇರಿಗೆ 17ನೇ ಶತಮಾನದಲ್ಲಿ ಒಡೆಯರ್ ಕಾಲದಲ್ಲಿ ಕಟ್ಟಿದ ಒಂದು ಒಡ್ಡಿನಿಂದ ಆದ ಪುಟ್ಟ ದ್ವೀಪಗಳಲ್ಲಿ ಹಕ್ಕಿಗಳು ಗೂಡು ಕಟ್ಟುವುದನ್ನು ಅವರು ನೋಡಿದರು. ಈ ಜಾಗ ಉಳಿಸಬೇಕು ಅಂತ ಮೈಸೂರು ಅರಸರಿಗೆ ಹೇಳಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮ ಆಯ್ತು.

ಓದುವಾಗ ಒಂದು ವಿಷಯ ನನಗೆ ಕಿರಿಕಿರಿ ಮಾಡ್ತು. ಆಗ ಸಮೀಕ್ಷೆ ಅಂದರೆ ಕೈಯಲ್ಲಿ ಬಂದೂಕು. ಅಧ್ಯಯನಕ್ಕೆ ಅಂತ ಅವರೂ ಬಹಳ ಹಕ್ಕಿಗಳನ್ನು ಕೊಂದಿದ್ದಾರೆ. ಅದನ್ನು ಮುಚ್ಚಿಡೋದು ಸರಿಯಲ್ಲ. ಆದರೆ ಮುಂದೆ ಅವರ ನೇತೃತ್ವದಲ್ಲೇ ಸೊಸೈಟಿಯವರು ಹಕ್ಕಿ ಹಿಡಿದು, ಕಾಲಿಗೆ ಉಂಗುರ ಹಾಕಿ ಬಿಡೋಕೆ ಶುರು ಮಾಡಿದರು. ಚಳಿಗಾಲಕ್ಕೆ ನಮ್ಮ ಕೆರೆಗಳಿಗೆ ಬರುವ ಬಾತುಗಳು ಸೈಬೀರಿಯಾದಷ್ಟು ದೂರದಿಂದ ಬರುತ್ತವೆ ಅನ್ನೋದಕ್ಕೆ ಇಂಥ ಉಂಗುರಗಳಿಂದ ಸಾಕ್ಷಿ ಸಿಕ್ಕಿತು.

ಬೈಕ್ ಹುಚ್ಚಿರೋರಿಗೆ ಇನ್ನೊಂದು ವಿಷಯ: 1950ರಲ್ಲಿ ಸ್ವೀಡನ್ನಿನ ಪಕ್ಷಿವಿಜ್ಞಾನಿಗಳ ಸಮ್ಮೇಳನಕ್ಕೆ ತಮ್ಮ ಸನ್‌ಬೀಮ್ ಬೈಕನ್ನು ಹಡಗಿನಲ್ಲಿ ಯುರೋಪ್‌ಗೆ ಸಾಗಿಸಿ, ಅದರಲ್ಲೇ ಓಡಾಡಿದ್ದರು. ಆಗ ಅವರಿಗೆ 53 ವರ್ಷ! 1976ರಲ್ಲಿ ಪದ್ಮವಿಭೂಷಣ ಬಂತು. 1987ರ ಜೂನ್‌ನಲ್ಲಿ, 90ನೇ ವಯಸ್ಸಿನಲ್ಲಿ ತೀರಿಕೊಂಡರು.

ಅವತ್ತು ಮಧ್ಯಾಹ್ನ ನೋಡಿದ ಬಲಮುರಿಯೂ ನಿಜವಾದ ಜಲಪಾತ ಅಲ್ಲ, ಕಾವೇರಿಗೆ ಕಟ್ಟಿದ ಕಟ್ಟೆ ಮೇಲಿಂದ ಬೀಳೋ ನೀರು. ಕಟ್ಟೆ ಕಟ್ಟೋದು ನಾವು ಇಂಜಿನಿಯರ್‌ಗಳು ಕಲಿತೀವಿ. ಅದರ ಹಿಂದೆ ಹಕ್ಕಿ ಬಂದು ಕೂತಾಗ ಇದನ್ನು ಉಳಿಸಿ ಅಂತ ಹೋಗಿ ಕೇಳೋಕೂ ಒಬ್ಬರು ಬೇಕು. ಆ ವರ್ಷ ಡಿಗ್ರಿ, ಕೆಲಸ, ಹೆಂಡತಿ ಯಾವುದೂ ಇಲ್ಲದ ಒಬ್ಬರು ಕೇಳಿದರು. ನನ್ನ ಮುನ್ನೂರು ಫೋಟೋ ಅದರಿಂದ ಬಂದಿದ್ದು.