ಸೋತ ಕೀಲಿನಿಂದ ಕಲಿತ ಡಾಕ್ಟರ್: ಸರ್ ಜಾನ್ ಚಾರ್ನ್‌ಲಿ

ಘರ್ಷಣೆ, ಸವೆತ, ಟಾರ್ಕ್ ಅಂತೆಲ್ಲಾ ನಾವು ಓದ್ತೀವಿ, ಪರೀಕ್ಷೆ ಮುಗಿದ ಮರುದಿನ ಮರೆತೂ ಬಿಡ್ತೀವಿ. ಇದೇ ಪಾಠವನ್ನು ಮನುಷ್ಯನ ಸೊಂಟದ ಕೀಲಿಗೆ ಅನ್ವಯಿಸಿ ಲಕ್ಷಾಂತರ ಜನರನ್ನು ನಡೆಸಿದವರು ಒಬ್ಬ ಡಾಕ್ಟರ್!

ಜಾನ್ ಚಾರ್ನ್‌ಲಿ ಹುಟ್ಟಿದ್ದು 1911ರಲ್ಲಿ, ಇಂಗ್ಲೆಂಡಿನ ಲ್ಯಾಂಕಶೈರ್‌ನಲ್ಲಿ. ಓದಿದ್ದು ಮ್ಯಾಂಚೆಸ್ಟರ್‌ನಲ್ಲಿ. ಎರಡನೇ ಮಹಾಯುದ್ಧದಲ್ಲಿ ಸೇನಾ ವೈದ್ಯರಾಗಿ ಕೈರೋದಲ್ಲಿದ್ದಾಗ ಅಲ್ಲಿನ ವರ್ಕ್‌ಶಾಪ್‌ನಲ್ಲಿ ಮೂಳೆ ಚಿಕಿತ್ಸೆಯ ಉಪಕರಣಗಳನ್ನು ಮಾಡಿಸುತ್ತಿದ್ದರು. ಲೇತ್ ಮೇಲಿನ ಪ್ರೀತಿ ಕೊನೆಯವರೆಗೂ ಹೋಗಲಿಲ್ಲ.

ಒಮ್ಮೆ ಅಕ್ರಿಲಿಕ್ ಕೀಲು ಹಾಕಿಸಿಕೊಂಡಿದ್ದ ರೋಗಿಯೊಬ್ಬರು ಬಂದರು. ಅವರು ಅಲ್ಲಾಡಿದರೆ ಕೀಲು ಕಿರ್ ಅನ್ನುತ್ತಿತ್ತು. ಹೆಂಡತಿಗೆ ಹತ್ತಿರ ಕೂರಲೂ ಆಗುತ್ತಿರಲಿಲ್ಲವಂತೆ. ಬೇರೆಯವರಾಗಿದ್ದರೆ ನಕ್ಕು ಬಿಡುತ್ತಿದ್ದರೇನೋ. ಚಾರ್ನ್‌ಲಿ ಅದರಲ್ಲಿ ಘರ್ಷಣೆಯನ್ನು ಕಂಡರು. ಘರ್ಷಣೆ ಹೆಚ್ಚಾದರೆ ಕೀಲು ಮೂಳೆಯೊಳಗೆ ಸಡಿಲವಾಗುತ್ತದೆ. ಟಾರ್ಕ್ ಅಂದರೆ ಬಲ ಗುಣಿಸು ತ್ರಿಜ್ಯ ಅಲ್ವಾ? ಹಾಗಾಗಿ ಗುಂಡನ್ನೇ ಚಿಕ್ಕದು ಮಾಡಿ, ಕೊನೆಗೆ 22.225 ಮಿ.ಮೀ.ಗೆ ಇಳಿಸಿದರು. ಬಟ್ಟಲಿಗೆ ಟೆಫ್ಲಾನ್ ಬಳಸಿದರು. ಎರಡನ್ನೂ ಮೂಳೆಗೆ ಕೂರಿಸಲು ಹಲ್ಲಿನ ಡಾಕ್ಟರುಗಳು ಬಳಸುವ ಅಕ್ರಿಲಿಕ್ ಸಿಮೆಂಟು. ಅದು ಅಂಟಲ್ಲ. ಕಲ್ಲುಗಳ ಸಂದಿಗೆ ಗಾರೆ ತುಂಬಿದಂತೆ, ಮೂಳೆಯ ಸಣ್ಣ ರಂಧ್ರಗಳೊಳಗೆ ಹೊಕ್ಕು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ.

ಮೊದಮೊದಲು ಫಲಿತಾಂಶ ಅದ್ಭುತ. ಆದರೆ ಮೂರು ನಾಲ್ಕು ವರ್ಷದಲ್ಲೇ ಟೆಫ್ಲಾನ್ ಸವೆಯಿತು, ಅದರ ಪುಡಿ ಸುತ್ತಲಿನ ಮೂಳೆಯನ್ನೇ ಹಾಳುಮಾಡಿತು. ಸುಮಾರು 300 ರೋಗಿಗಳ ಭವಿಷ್ಯದ ಪ್ರಶ್ನೆ. ಚಾರ್ನ್‌ಲಿ ಓಡಿಹೋಗಲಿಲ್ಲ. ಟೆಫ್ಲಾನ್ ಚೂರನ್ನು ತಮ್ಮದೇ ತೊಡೆಗೆ ಸೇರಿಸಿಕೊಂಡು ದೇಹ ಹೇಗೆ ಕೆರಳುತ್ತದೆ ಅಂತ ನೋಡಿದರು. ಕೆಟ್ಟ ಕೀಲುಗಳನ್ನು ಬದಲಿಸಲು ಮತ್ತೆ ಕತ್ತರಿ ಹಿಡಿದರು.

ಮರು ಶಸ್ತ್ರಚಿಕಿತ್ಸೆ ಯಾಕೆ ಕಷ್ಟ ಅಂತ ಇಲ್ಲಿ ಗೊತ್ತಾಗುತ್ತದೆ. ಹಳೆಯ ಸಿಮೆಂಟನ್ನು ಕೆತ್ತಿ ತೆಗೆದ ಮೇಲೆ ಉಳಿಯುವುದು ನುಣುಪಾದ, ತೆಳುವಾದ ಮೂಳೆ. ಹೊಸ ಸಿಮೆಂಟಿಗೆ ಹಿಡಿದುಕೊಳ್ಳಲು ರಂಧ್ರಗಳೇ ಇಲ್ಲ. ಹಾಗಾಗಿ ಎರಡನೇ ಸಲ ಕೂರಿಸಿದ ಕೀಲು ಮೊದಲಿನದರಷ್ಟು ಬಾಳುವುದು ಕಷ್ಟ. ಈ ಕೊರತೆ ತುಂಬಲು ಮುಂದೆ ಬೇರೆ ವೈದ್ಯರು ಮೂಳೆಯ ಚೂರುಗಳನ್ನು ಒತ್ತಿ ತುಂಬಿ, ಅದರ ಮೇಲೆ ಸಿಮೆಂಟು ಹಾಕುವ ವಿಧಾನ ಕಂಡುಕೊಂಡರು. ಚಾರ್ನ್‌ಲಿಯವರ ದಾರಿ ಇನ್ನೂ ಸರಳ: ಮೊದಲ ಕೀಲೇ ಬೇಗ ಸವೆಯಬಾರದು.

1962ರಲ್ಲಿ ಮಗ್ಗದ ಗೇರುಗಳಿಗೆ ಬಳಸುತ್ತಿದ್ದ ಪಾಲಿಎಥಿಲೀನ್ ತುಂಡೊಂದು ಅವರ ಪ್ರಯೋಗಾಲಯಕ್ಕೆ ಬಂತು. ಚಾರ್ನ್‌ಲಿಗೆ ಅದು ಹಿಡಿಸಲಿಲ್ಲ. ಅವರು ಊರಿನಲ್ಲಿಲ್ಲದಾಗ ತಂತ್ರಜ್ಞ ಹ್ಯಾರಿ ಕ್ರೇವನ್ ಅದನ್ನು ಸವೆತದ ಯಂತ್ರಕ್ಕೆ ಹಾಕೇಬಿಟ್ಟರು. ಟೆಫ್ಲಾನ್ ಒಂದು ದಿನದಲ್ಲಿ ಸವೆಯುವಷ್ಟೂ ಅದು ಮೂರು ವಾರದಲ್ಲಿ ಸವೆದಿರಲಿಲ್ಲ! ಅದೇ ನವೆಂಬರ್‌ನಲ್ಲಿ ಅದರ ಬಟ್ಟಲು ಬಳಕೆಗೆ ಬಂತು.

ಆದರೂ ಚಾರ್ನ್‌ಲಿ ಆತುರಪಡಲಿಲ್ಲ. ವರ್ಷಗಟ್ಟಲೆ ಫಲಿತಾಂಶ ನೋಡಿದ ಮೇಲೇ ಬೇರೆ ಸರ್ಜನ್‌ಗಳ ಕೈಗೆ ಕೊಟ್ಟರು. ಸತ್ತ ನಂತರ ಕೀಲನ್ನು ಪರೀಕ್ಷೆಗೆ ಕೊಡಿ ಅಂತ ರೋಗಿಗಳನ್ನೇ ಕೇಳಿಕೊಂಡರು. ಬಹಳ ಜನ ಒಪ್ಪಿದರು. 1977ರಲ್ಲಿ ಸರ್ ಪದವಿ ಬಂತು, 1982ರಲ್ಲಿ ತೀರಿಕೊಂಡರು.

ನಮ್ಮ ಪ್ರಾಜೆಕ್ಟ್ ಡೆಮೊ ದಿನ ಓಡಿದರೆ ಸಾಕು ಅಂದುಕೊಳ್ಳುವ ನಮಗೆ ಚಾರ್ನ್‌ಲಿ ಕೇಳುವಂತಿದೆ: ನಾಲ್ಕು ವರ್ಷದ ನಂತರ ಅದನ್ನು ತಿರುಗಿ ನೋಡುವವರು ಯಾರು?