ತಾರಾಬಾಯಿ ಮೋಡಕರೂ ನಮ್ಮ ಶಿಶುಶಿಕ್ಷಕಿಯರೂ

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆ ಹೊತ್ತಿದುದು 1923ನೆಯ ಇಸವಿಯಲ್ಲಿ. ಕಾದು ಕರಗಿದ ಲೋಹವನ್ನು ಕೆಲಸ ಕಲಿಯದವನ ಕೈಗೆ ಒಪ್ಪಿಸಬಾರದೆಂಬುದನ್ನು ಅಂದಿನಿಂದ ಶಿವಮೊಗ್ಗೆಯ ಸೀಮೆಯವರಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಅದೇ 1923ರಲ್ಲಿ ಕಾಠಿಯಾವಾಡದ ಭಾವನಗರದಲ್ಲಿ ಒಬ್ಬ ಮಹಿಳೆಯು, ಕಬ್ಬಿಣಕ್ಕಿಂತ ಎಷ್ಟೋ ಸೂಕ್ಷ್ಮವಾದ ಎಳೆಯ ಮಗುವಿನ ಮನಸ್ಸನ್ನು ತಿದ್ದುವವರಿಗೂ ತರಬೇತಿ ಬೇಕೆಂಬ ನಂಬಿಕೆಯಿಂದ ಹೊಸ ಕೆಲಸಕ್ಕೆ ಕೈಹಾಕಿದರು. ಅವರೇ ಶ್ರೀಮತಿ ತಾರಾಬಾಯಿ ಮೋಡಕರು. ಗೋಪಾಳದ ತಾಯಂದಿರ ಬಾಯಲ್ಲಿ ದಿನವೂ ಬರುವ ಅಂಗನವಾಡಿಯೆಂಬ ಮಾತು ಚಲಾವಣೆಗೆ ಬಂದುದು ಅವರ ಕಾರ್ಯದಿಂದ. ಹೆಸರು ಮನೆಮಾತಾಗಿದೆ, ಹೆಸರಿತ್ತವರ ಚರಿತ್ರೆಯು ಮರೆತುಹೋಗಿದೆ. ಅದನ್ನು ಇಂದು ಓದುಗರ ನೆನಪಿಗೆ ತರುವುದಕ್ಕೆ ಕಾರಣವುಂಟು.

ತಾರಾಬಾಯಿಯವರು 1892ನೆಯ ಏಪ್ರಿಲ್ 19ರಂದು ಮುಂಬಯಿಯಲ್ಲಿ ಜನಿಸಿದರು. ತಂದೆ ಸದಾಶಿವ ಪಾಂಡುರಂಗ ಕೇಳಕರರು ಪ್ರಾರ್ಥನಾ ಸಮಾಜದವರು. ಹೆಣ್ಣುಮಕ್ಕಳ ವಿದ್ಯೆಗೆ ಅಡ್ಡಿಬಂದವರಲ್ಲ. ಮಗಳು 1914ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಪದವಿಯನ್ನು ಪಡೆದರು. ಅಮರಾವತಿಯ ವಕೀಲರಾದ ಮೋಡಕರೊಡನೆ ವಿವಾಹವಾಯಿತು. ಆ ದಾಂಪತ್ಯವು ಸುಖಕರವಾಗಲಿಲ್ಲ. 1921ರಲ್ಲಿ ಪುಟ್ಟ ಮಗಳೊಡನೆ ಗಂಡನ ಮನೆಯನ್ನು ಬಿಟ್ಟು ಹೊರಟರು. ಅನಂತರ ರಾಜಕೋಟೆಯ ಬಾರ್ಟನ್ ಸ್ತ್ರೀ ತರಬೇತಿ ಕಾಲೇಜಿನ ಪ್ರಿನ್ಸಿಪಾಲರಾದರು. ಆ ಕಾಲದ ಹಿಂದೂ ಸ್ತ್ರೀಯೊಬ್ಬಳಿಗೆ ಇದು ದೊಡ್ಡ ಅಧಿಕಾರ; ಸಂಬಳವೂ ಒಳ್ಳೆಯದು. ಮತ್ತೊಬ್ಬರಾಗಿದ್ದರೆ ಅಲ್ಲಿಯೇ ನೆಮ್ಮದಿಯಿಂದ ಕಾಲ ಕಳೆಯುತ್ತಿದ್ದರು.

ಆದರೆ ಹತ್ತಿರದ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಎಂಬ ವಕೀಲರು ವಕೀಲಿಯನ್ನು ತ್ಯಜಿಸಿ, ದಕ್ಷಿಣಾಮೂರ್ತಿ ಸಂಸ್ಥೆಯಲ್ಲಿ 1920ರಲ್ಲಿ ಬಾಲಮಂದಿರವನ್ನು ತೆರೆದಿದ್ದರು. ಇಟಲಿಯ ಮಾಂಟೆಸರಿ ಅಮ್ಮನವರ ತತ್ತ್ವವನ್ನು ನಮ್ಮ ಹಾಡು, ನಮ್ಮ ಕಥೆ, ನಮ್ಮ ಬಡತನಕ್ಕೆ ಹೊಂದಿಸುವುದು ಅವರ ಉದ್ದೇಶವಾಗಿತ್ತು. ತಾರಾಬಾಯಿಯವರು ಅಧಿಕಾರವನ್ನೂ ಹೆಚ್ಚಿನ ಸಂಬಳವನ್ನೂ ಬಿಟ್ಟು ಅಲ್ಲಿಗೆ ಹೋಗಿ ಸೇರಿದರು. ಒಂದು ಶಾಲೆ ಎಷ್ಟೇ ಚೆನ್ನಾಗಿದ್ದರೂ ಒಂದೇ ಶಾಲೆ. ಊರೂರಿಗೆ ಶಾಲೆಗಳಾಗಬೇಕಾದರೆ ಮೊದಲು ಶಿಕ್ಷಕರನ್ನು ಸಿದ್ಧಪಡಿಸಬೇಕು. ಇದನ್ನು ಇಬ್ಬರೂ ಬೇಗನೆ ಕಂಡುಕೊಂಡರು. ಬಾಲಮಂದಿರದ ಜೊತೆಯಲ್ಲಿಯೇ ಅಧ್ಯಾಪನ ಮಂದಿರವು ನಡೆಯಿತು. ನೂರಾರು ಮಂದಿ ಅಲ್ಲಿ ಕಲಿತು ಹೊರಬಂದರು. 1926ರಲ್ಲಿ ನೂತನ ಬಾಲಶಿಕ್ಷಣ ಸಂಘವು ಸ್ಥಾಪಿತವಾಯಿತು. ಊರಿಗೆ ಹಿಂದಿರುಗಿದ ಶಿಕ್ಷಕಿಯು ಒಂಟಿಯಾಗಬಾರದೆಂದು ಶಿಕ್ಷಣ ಪತ್ರಿಕೆಯೂ ಹೊರಟಿತು. ತಾರಾಬಾಯಿಯವರು ಅದರ ಸಂಪಾದನೆಯ ಭಾರವನ್ನು ಹೊತ್ತರು. ತರಬೇತಿಯೆಂಬುದು ಒಮ್ಮೆ ಕೊಟ್ಟು ಮುಗಿಸುವ ವಸ್ತುವಲ್ಲ, ಕೆಲಸವಿರುವಷ್ಟು ದಿನವೂ ಸಾಗಬೇಕಾದುದು ಎಂಬ ತಿಳಿವಳಿಕೆಯನ್ನು ಈ ಪತ್ರಿಕೆಯಲ್ಲಿ ಕಾಣಬಹುದು.

ಮುಂದೆ ಮುಂಬಯಿಗೆ ಬಂದು 1936ರಲ್ಲಿ ದಾದರಿನಲ್ಲಿ ಶಿಶುವಿಹಾರವನ್ನು ಆರಂಭಿಸಿದರು. ಅದು ಯಶಸ್ವಿಯಾಯಿತು, ಆದರೆ ಅವರ ಮನಸ್ಸಿಗೆ ಸಮಾಧಾನವಾಗಲಿಲ್ಲ. ಬಂದವರು ಅನುಕೂಲಸ್ಥರ ಮಕ್ಕಳು. ಹಳ್ಳಿಯ ಬಡ ಮಗುವಿನ ಗತಿಯೇನು? ಗಾಂಧೀಜಿಯವರು ಶಿಕ್ಷಣವನ್ನು ಕೂಸಿನ ವಯಸ್ಸಿನಿಂದಲೇ ಹಳ್ಳಿಗೆ ಒಯ್ಯಬೇಕೆಂದು ಪ್ರತಿಪಾದಿಸುತ್ತಿದ್ದ ಕಾಲವದು. 1945ರಲ್ಲಿ, ತಮ್ಮ ಐವತ್ತಮೂರನೆಯ ವಯಸ್ಸಿನಲ್ಲಿ, ತಾರಾಬಾಯಿಯವರು ಠಾಣೆ ಜಿಲ್ಲೆಯ ಕಡಲತೀರದ ಬೋರ್ಡಿ ಗ್ರಾಮದಲ್ಲಿ ಗ್ರಾಮ ಬಾಲಶಿಕ್ಷಾ ಕೇಂದ್ರವನ್ನು ಸ್ಥಾಪಿಸಿದರು. ಬಾಲವಾಡಿ ತೆರೆದರೂ ಹರಿಜನ ಕೇರಿಯ ಮಕ್ಕಳು ಬರಲಿಲ್ಲ. ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಮಕ್ಕಳ ಬಳಿಗೆ ಹೋಗತಕ್ಕದ್ದೆಂದು ನಿಶ್ಚಯಿಸಿ, ಕೇರಿಯ ಅಂಗಳದಲ್ಲಿಯೇ ಪಾಠ, ಆಟ, ಸ್ನಾನಗಳನ್ನು ಏರ್ಪಡಿಸಿದರು. ಅಂಗನವಾಡಿಯು ಹುಟ್ಟಿದುದು ಹೀಗೆ. ಬೆಲೆಬಾಳುವ ವಿಲಾಯತಿ ಸಲಕರಣೆಗಳ ಸ್ಥಾನದಲ್ಲಿ ಕಪ್ಪೆಚಿಪ್ಪು, ಬೀಜ, ಎಲೆ, ಬೆಣಚುಕಲ್ಲುಗಳು ಬಂದವು. ಇವುಗಳಿಂದ ಪಾಠ ಹೇಳುವುದಕ್ಕೆ ಹಣ ಬೇಡ. ಶಿಕ್ಷಕಿಯ ಬುದ್ಧಿ ಬೇಕು.

ಅದೇ ವರ್ಷ ಅವರಿಗೆ ಅನುತಾಯಿ ವಾಘರೆಂಬ ಸಹಾಯಕರು ದೊರೆತರು. ಬಾಲ್ಯದಲ್ಲಿಯೇ ವಿವಾಹವಾಗಿ ಕೆಲವೇ ತಿಂಗಳಲ್ಲಿ ವಿಧವೆಯಾದ ಅನುತಾಯಿಯವರು ಕಷ್ಟಪಟ್ಟು ಓದಿ ಉಪಾಧ್ಯಾಯಿನಿಯಾಗಿದ್ದರು. ತಾರಾಬಾಯಿಯವರನ್ನು ಸೇರಿದ ಮೇಲೆ ಅವರು ಈ ಕೆಲಸವನ್ನು ಬಿಟ್ಟುಹೋಗಲಿಲ್ಲ. 1957ರ ಹೊತ್ತಿಗೆ ಕೇಂದ್ರವು ಕೋಸಬಾಡದ ಗುಡ್ಡಕ್ಕೆ ಹೋದಾಗ ಹಿಂದೆಯೇ ಹೋದರು. ವಾರಲಿ ಮಕ್ಕಳು ದನ ಕಾಯುವ ಬಯಲಿಗೇ ಶಾಲೆಯನ್ನೊಯ್ದರು. ಗುರುಗಳು ತೀರಿಹೋದ ಮೇಲೂ 1992ರಲ್ಲಿ ತಮ್ಮ ಕೊನೆಯುಸಿರಿನವರೆಗೆ ಅಲ್ಲಿಯೇ ನಿಂತರು. ನಲವತ್ತೇಳು ವರ್ಷ!

ಅವರನ್ನು ಅಲ್ಲಿ ನಿಲ್ಲಿಸಿದುದು ಯಾವುದು? ಹಣವಲ್ಲವೆಂಬುದು ಸ್ಪಷ್ಟ. ಬರಿಯ ತ್ಯಾಗವೆಂದು ಹೇಳಿ ಕೈಮುಗಿದು ಸುಮ್ಮನಾಗುವುದೂ ಸರಿಯಲ್ಲ. ಅಲ್ಲಿ ಶಿಕ್ಷಕಿಯು ಮೇಲಿನವರ ಅಪ್ಪಣೆಯನ್ನು ಒಪ್ಪಿಸುವ ಆಳಾಗಿರಲಿಲ್ಲ. ಮಗುವನ್ನು ನೋಡಿ, ಯೋಚಿಸಿ, ಪ್ರಯೋಗಿಸಿ, ತಪ್ಪಿದರೆ ತಿದ್ದಿಕೊಳ್ಳುವ ಸ್ವಾತಂತ್ರ್ಯವು ಆಕೆಗಿತ್ತು. ತರಬೇತಿಯು ಮಕ್ಕಳ ನಡುವೆಯೇ ನಡೆಯುತ್ತಿತ್ತು. ಮಾಡಿದ ಕೆಲಸದ ಫಲವು ಕಣ್ಣಿಗೆ ಕಾಣುತ್ತಿತ್ತು. ಕೆಲಸದ ಸಂತೋಷವೆಂಬುದು ಈ ಮೂರರಿಂದ ಹುಟ್ಟುವುದೇ ಹೊರತು ಪ್ರಶಂಸಾಪತ್ರಗಳಿಂದಲ್ಲವೆಂದು ನಾವು ಭಾವಿಸುತ್ತೇವೆ.

ತಾರಾಬಾಯಿಯವರಿಗೆ 1962ರಲ್ಲಿ ಪದ್ಮಭೂಷಣ ಪ್ರಶಸ್ತಿಯು ಬಂದಿತು. 1973ರಲ್ಲಿ ಅವರು ತೀರಿಕೊಂಡರು. ಎರಡು ವರ್ಷಗಳ ತರುವಾಯ, 1975ರ ಗಾಂಧೀಜಯಂತಿಯಂದು, ಭಾರತ ಸರ್ಕಾರವು 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ಆರಂಭಿಸಿತು. ನಮ್ಮ ನಾಡಿನಲ್ಲಿ ಅದು ಮೊದಲು ಕಾಲಿಟ್ಟುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಅಂಗನವಾಡಿಯೆಂಬ ಹೆಸರು ದೇಶವ್ಯಾಪಿಯಾಯಿತು. ಹೆಸರಿನೊಡನೆ ಅದರ ಜೀವವೂ ಬಂದಿತೇ ಎಂಬುದೇ ಪ್ರಶ್ನೆ. ಇಂದಿನ ಕಾರ್ಯಕರ್ತೆಯು ಮಗುವಿಗೆ ಪಾಠ ಹೇಳಬೇಕು, ಆಹಾರ ಹಂಚಬೇಕು, ತೂಕ ನೋಡಬೇಕು, ಗರ್ಭಿಣಿಯರ ಲೆಕ್ಕವಿಡಬೇಕು, ಮೊಬೈಲಿನಲ್ಲಿ ವರದಿ ತುಂಬಬೇಕು, ಸಮೀಕ್ಷೆ, ಮತದಾರರ ಪಟ್ಟಿಗಳೆಂದು ಕರೆದಲ್ಲಿಗೆ ಓಡಬೇಕು. ಇಷ್ಟಾದರೂ ಆಕೆಗೆ ದೊರೆಯುವುದು ಸಂಬಳವಲ್ಲ, ಗೌರವಧನ. 2017ರ ಮಾರ್ಚಿಯಲ್ಲಿ ಸಾವಿರಾರು ಕಾರ್ಯಕರ್ತೆಯರು ಬೆಂಗಳೂರಿನ ಬೀದಿಯಲ್ಲಿ ಹಗಲಿರುಳು ಕುಳಿತುದನ್ನು ಓದುಗರು ಮರೆತಿರಲಾರರು. ಅವರು ಗ್ರಾಚ್ಯುಯಿಟಿಗೆ ಅರ್ಹರೆಂದು ಸುಪ್ರೀಂ ಕೋರ್ಟು ತೀರ್ಪಿತ್ತುದು 2022ರಲ್ಲಿ. ಯೋಜನೆಗೆ ಆಗಲೇ ನಲವತ್ತಾರು ವರ್ಷ ತುಂಬಿದ್ದಿತು.

ತಾರಾಬಾಯಿಯವರ ತ್ಯಾಗವನ್ನು ಮುಂದಿಟ್ಟು, ಶಿಶುಶಿಕ್ಷಣವು ಸೇವೆಯಾದುದರಿಂದ ಅಲ್ಪ ಪ್ರತಿಫಲವೇ ಸಾಕೆಂದು ವಾದಿಸುವವರುಂಟು. ಈ ವಾದವನ್ನು ನಾವು ಒಪ್ಪುವುದಿಲ್ಲ. ರಾಜಕೋಟೆಯ ಸಂಬಳವನ್ನು ಅವರು ತಾವಾಗಿ ಬಿಟ್ಟರು, ಯಾರೂ ಕಸಿದುಕೊಳ್ಳಲಿಲ್ಲ. ತಾನಾಗಿ ಕೊಟ್ಟರೆ ದಾನ. ಬೇರೆ ದಾರಿಯಿಲ್ಲದ ಬಡ ಹೆಂಗಸಿನಿಂದ ತೆಗೆದುಕೊಂಡರೆ ಅದನ್ನು ತ್ಯಾಗವೆನ್ನಲಾಗದು. ಖಾಸಗಿ ಶಿಶುವಿಹಾರಗಳ ಸ್ಥಿತಿಯೂ ಇದಕ್ಕಿಂತ ಮೇಲೆಂದು ಹೇಳುವಂತಿಲ್ಲ. ಜೂನಿನಲ್ಲಿ ಸೇರಿದ ಉಪಾಧ್ಯಾಯಿನಿಯು ಮರುವರ್ಷ ಇರುವಳೆಂಬ ಭರವಸೆಯಿಲ್ಲದಿದ್ದರೆ ನಷ್ಟ ಯಾರಿಗೆ? ಮೂರು ವರ್ಷದ ಮಗುವಿಗೆ ಶಾಲೆಯೆಂದರೆ ಕಟ್ಟಡವಲ್ಲ, ಪರಿಚಯದ ಒಂದು ಮುಖ. ಆ ಮುಖವು ಮೇಲಿಂದ ಮೇಲೆ ಬದಲಾದರೆ ಮಗುವಿನ ನಂಬಿಕೆಯೇ ಅಲುಗುತ್ತದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು, ಹನ್ನೆರಡನೆಯ ತರಗತಿ ಓದಿದ ಕಾರ್ಯಕರ್ತೆಗೆ 6 ತಿಂಗಳ, ಉಳಿದವರಿಗೆ 1 ವರ್ಷದ ತರಬೇತಿಯನ್ನು ವಿಧಿಸಿದೆ. ಇದು ಶ್ಲಾಘನೀಯವೇ. ಆದರೆ ಅದನ್ನು ಬಹುಮಟ್ಟಿಗೆ ದೂರದಿಂದ, ಯಂತ್ರಗಳ ಮೂಲಕ ಕೊಡುವ ಯೋಚನೆಯಿದೆ. ಅಂಗಳದಲ್ಲಿ ಕಲಿಯಬೇಕಾದುದನ್ನು ಪರದೆಯ ಮೇಲೆ ಎಷ್ಟರಮಟ್ಟಿಗೆ ಕಲಿಯಬಹುದೆಂಬುದನ್ನು ಅಧಿಕಾರಿಗಳು ಆಲೋಚಿಸತಕ್ಕದ್ದು. ಪಾಠದ ವೇಳೆಯಲ್ಲಿ ಕಾರ್ಯಕರ್ತೆಯನ್ನು ಬೇರೆ ಕೆಲಸಕ್ಕೆ ಕರೆಯದಿರುವುದು, ತಿಂಗಳಿಗೊಮ್ಮೆ ಅಕ್ಕಪಕ್ಕದ ಶಿಕ್ಷಕಿಯರು ಕೂಡಿ ಕಲಿಯುವಂತೆ ಏರ್ಪಡಿಸುವುದು, ಗೌರವಧನವೆಂಬ ಹೆಸರನ್ನು ತೊಡೆದು ಸಂಬಳವನ್ನೇ ಕೊಡುವುದು, ಇವು ಅಸಾಧ್ಯವಾದ ಕಾರ್ಯಗಳಲ್ಲ. ಪಟ್ಟಣಿಗರಾದ ನಾವೂ ಮಾಡಬಹುದಾದುದೊಂದುಂಟು. ನಾಳೆ ಗೋಪಾಳದ ಯಾವುದಾದರೊಂದು ಅಂಗನವಾಡಿಯ ಮುಂದೆ ಹಾದುಹೋಗುವಾಗ ಒಳಗೆ ಹೋಗಿ, ಅಲ್ಲಿಯ ಶಿಕ್ಷಕಿಯನ್ನು ಆಕೆಯ ಕೆಲಸದ ವಿಚಾರವಾಗಿ ಗೌರವದಿಂದ ನಾಲ್ಕು ಮಾತು ಕೇಳೋಣ. ಆಕೆಯ ಉತ್ತರವನ್ನು ಕೇಳಿ ಬಂದ ಮೇಲೆ ಸರ್ಕಾರಕ್ಕೆ ಏನು ಹೇಳಬೇಕೆಂಬುದು ನಮಗೆ ತಾನಾಗಿ ತಿಳಿಯುವುದು.